ಹೊರಳುವ ಗೊಂಬೆ, ಬಿಡದ ಕೊಂಡಿ: ನಾಲ್ಕನೆಯ ಆಯಾಮದ ಗ್ರಹಿಕೆ ಮತ್ತು ಬೇವೂರು ಪರಿಸರದ ಕುಶಲಕಲೆಗಳು

ಐಹೊಳೆಯ ದೇವಾಲಯವೊಂದರ ಛಾವಣಿಯಲ್ಲಿದ್ದ ಬ್ರಹ್ಮನ ಶಿಲಾಫಲಕವು ಈಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದಲ್ಲಿದೆ. ಬಾದಾಮಿ ಚಾಲುಕ್ಯರ ಕಾಲದ ಈ ಫಲಕದಲ್ಲಿ ಚತುರ್ಮುಖನಿಗೆ ಕಾಣುವುದು ಮೂರೇ ಮುಖ. ನಾಲ್ಕನೆಯದು ಎಲ್ಲಿ ಎಂದು ನೋಡುಗರು ಕೇಳುವುದಿಲ್ಲ. ಅದು ಹಿಂದಿದೆ ಎಂಬುದು ಎಲ್ಲರಿಗೂ ಗೊತ್ತು. ವಾಸ್ತವವಾಗಿ ಹಿಂದೆ ಇರುವುದು ಬರಿಯ ಕಲ್ಲು. ಶಿಲ್ಪಿ ಕೆತ್ತದೆ ಬಿಟ್ಟ, ಉಬ್ಬುಶಿಲ್ಪದಲ್ಲಿ ಕೆತ್ತಲು ಬರದಿದ್ದ ಮುಖವೊಂದನ್ನು ನೋಡುಗನೇ ಎಣಿಕೆಗೆ ಸೇರಿಸಿಕೊಂಡು ‘ನಾಲ್ಕು’ ಎನ್ನುತ್ತಾನೆ. ಕಾಣುವ ಮೂರರಿಂದ ಕಾಣದ ನಾಲ್ಕನೆಯದಕ್ಕೆ ಹೋಗುವ ಈ ನಡೆಯು ಎಷ್ಟು ಸಹಜವಾಗಿದೆಯೆಂದರೆ ಅದನ್ನು ಒಂದು ಬೌದ್ಧಿಕ ಕ್ರಿಯೆ ಎಂದು ಯಾರೂ ಗುರುತಿಸುವುದಿಲ್ಲ.

ಗಣಿತದ ಚರಿತ್ರೆಯಲ್ಲಿ ಇದಕ್ಕೆ ಹತ್ತಿರವಾದ, ಆದರೆ ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಉದ್ದ, ಅಗಲ, ಎತ್ತರ ಎಂಬ ಮೂರು ಆಯಾಮಗಳ ಲೋಕದಲ್ಲಿ ಹುಟ್ಟಿ ಬೆಳೆದ ಮನುಷ್ಯನು ಈ ಮೂರಕ್ಕೂ ಲಂಬವಾಗಿರುವ ನಾಲ್ಕನೆಯ ದಿಕ್ಕೊಂದನ್ನು ತಿಳಿಯಬಲ್ಲನೆ? ತಿಳಿದರೆ ಅದನ್ನು ಕಣ್ಣಿಗೆ ಕಟ್ಟಿಕೊಳ್ಳಬಲ್ಲನೆ? 19ನೆಯ ಶತಮಾನದ ಯುರೋಪಿನಲ್ಲಿ ತೀವ್ರವಾಗಿ ಚರ್ಚೆಗೆ ಬಂದ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಹಿಡಿದ ದಾರಿಗಳು ಮುಖ್ಯವಾಗಿ ನಾಲ್ಕು: ನೆರಳನ್ನು ನೋಡುವುದು, ಸೀಳಿ ನೋಡುವುದು, ಎಣಿಸುವುದು, ಗಂಟು ಹಾಕಿ ನೋಡುವುದು. ಬಾಗಲಕೋಟೆ ತಾಲ್ಲೂಕಿನ ಬೇವೂರನ್ನು ನಡುವಾಗಿಟ್ಟುಕೊಂಡರೆ ನೈಋತ್ಯಕ್ಕೆ ಬಾದಾಮಿ, ದಕ್ಷಿಣಕ್ಕೆ ಐಹೊಳೆ, ಪೂರ್ವದ ಕಡೆಗೆ ಹುನಗುಂದ ಮತ್ತು ಇಳಕಲ್ಲ ಒಂದು ದಿನದ ಓಡಾಟದೊಳಗೆ ಬರುತ್ತವೆ. ಕಲ್ಲು, ತೊಗಲು, ನೂಲುಗಳ ಕಸುಬು ಇಷ್ಟು ಒತ್ತಾಗಿರುವ ಈ ಸೀಮೆಯಲ್ಲಿ ಆ ನಾಲ್ಕು ದಾರಿಗಳಿಗೂ ನಿದರ್ಶನಗಳು ದೊರೆಯುತ್ತವೆ. ಅವು ಎಷ್ಟು ದೂರ ಕರೆದೊಯ್ಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆರಂಭದಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ‘ನಮ್ಮ ಪೂರ್ವಿಕರಿಗೆ ನಾಲ್ಕನೆಯ ಆಯಾಮ ಗೊತ್ತಿತ್ತು’ ಎಂಬ ಮಾತು ಜನಪ್ರಿಯ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುತ್ತದೆ. ತ್ರಿವಿಕ್ರಮನ ಮೂರನೆಯ ಹೆಜ್ಜೆಯನ್ನೂ ನಟರಾಜನ ಹದಿನೆಂಟು ಕೈಗಳನ್ನೂ ಅದಕ್ಕೆ ಸಾಕ್ಷಿಯಾಗಿ ತೋರಿಸುವುದುಂಟು. ಬಾದಾಮಿಯ ಮೊದಲನೆಯ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳಿರುವುದು ನಿಜ. ಆದರೆ ಅವೆಲ್ಲವೂ ನಾವು ಬಲ್ಲ ಮೂರು ಆಯಾಮಗಳಲ್ಲಿಯೇ ಚಾಚಿಕೊಂಡಿವೆ. ಇಂತಹ ಹೇಳಿಕೆಗಳು ಪೂರ್ವಿಕರಿಗೆ ಇಲ್ಲದ ಕೀರ್ತಿಯನ್ನು ಕೊಟ್ಟು, ಇದ್ದ ಕೀರ್ತಿಯನ್ನು ಮರೆಸುತ್ತವೆ. ಕಸುಬಿನವರು ನಿಜಕ್ಕೂ ಬಲ್ಲದ್ದೇನು ಎಂಬುದರ ಬಗೆಗಿನ ಕುತೂಹಲವನ್ನೇ ಅವು ಕೊಲ್ಲುತ್ತವೆ.

ಪಾರಿಭಾಷಿಕವಾಗಿಯೂ ಒಂದು ಸ್ಪಷ್ಟನೆ ಬೇಕು. 1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ದೇಶ-ಕಾಲಗಳನ್ನು ಒಂದುಗೂಡಿಸಿದ ಮೇಲೆ ‘ನಾಲ್ಕನೆಯ ಆಯಾಮ’ ಎಂದೊಡನೆ ಕಾಲವೆಂದು ತಿಳಿಯುವುದು ರೂಢಿಯಾಗಿದೆ. ಇಲ್ಲಿನ ವಿಷಯ ಅದಲ್ಲ. ಇಲ್ಲಿ ಹೇಳುತ್ತಿರುವುದು ಉದ್ದಗಲಗಳಂತೆಯೇ ಅಳೆಯಬಹುದಾದ, ಹಿಂದಕ್ಕೂ ಮುಂದಕ್ಕೂ ಚಲಿಸಬಹುದಾದ ದೇಶದ ಆಯಾಮವನ್ನು ಕುರಿತು. 1854ರ ಬರ್ನ್‌ಹಾರ್ಡ್ ರೀಮಾನನ ಉಪನ್ಯಾಸವು ಎಷ್ಟು ಆಯಾಮಗಳನ್ನಾದರೂ ಇಟ್ಟುಕೊಂಡು ರೇಖಾಗಣಿತವನ್ನು ಕಟ್ಟಬಹುದೆಂದು ತೋರಿಸಿತು. ಅದಕ್ಕೂ ಸ್ವಲ್ಪ ಮೊದಲು ಸ್ವಿಟ್ಜರ್ಲೆಂಡಿನ ಲುಡ್ವಿಗ್ ಶ್ಲಾಫ್ಲಿ ನಾಲ್ಕು ಆಯಾಮಗಳಲ್ಲಿ ಆರು ಕ್ರಮಬದ್ಧ ಆಕೃತಿಗಳಿವೆ ಎಂಬುದನ್ನು ಕಂಡುಕೊಂಡಿದ್ದನು. ಮೂರು ಆಯಾಮಗಳಲ್ಲಿ ಅವು ಐದು ಮಾತ್ರ. ಅವನ ಆ ಗ್ರಂಥ ಪೂರ್ಣವಾಗಿ ಅಚ್ಚಾದದ್ದು ಅವನ ಮರಣಾನಂತರ, 1901ರಲ್ಲಿ.

ಭಾರತೀಯ ಗಣಿತದಲ್ಲಿ ನಾಲ್ಕನೆಯ ಘಾತಕ್ಕೆ ಹೆಸರಿತ್ತು. ಜೈನಾಗಮವಾದ ‘ಉತ್ತರಾಧ್ಯಯನ ಸೂತ್ರ’ದಲ್ಲಿ ವರ್ಗ, ಘನಗಳ ಬಳಿಕ ‘ವರ್ಗವರ್ಗ’ ಬರುತ್ತದೆ. ವರ್ಗವೆಂದರೆ ಚೌಕ, ಘನವೆಂದರೆ ಗಟ್ಟಿಯಾದದ್ದು; ಇವೆರಡು ಹೆಸರುಗಳ ಹಿಂದೆ ಕಣ್ಣಿಗೆ ಕಾಣುವ ಆಕಾರವಿದೆ. ವರ್ಗವರ್ಗದ ಹಿಂದೆ ಆಕಾರವಿಲ್ಲ, ಕ್ರಿಯೆ ಮಾತ್ರ ಇದೆ: ವರ್ಗವನ್ನು ಮತ್ತೆ ವರ್ಗಿಸುವುದು. ಹೆಸರಿಡುವ ಕ್ರಮವೇ ಬದಲಾದದ್ದು ಅರ್ಥಪೂರ್ಣವಾಗಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಕ್ಕೆ, ಅಗೆತದ ಖಾತಕ್ಕೆ, ನೆರಳಿನ ಛಾಯಾಗಣಿತಕ್ಕೆ ಪ್ರತ್ಯೇಕ ವ್ಯವಹಾರಗಳಿವೆ. ಕ್ಷೇತ್ರ ಎರಡು ಆಯಾಮದ್ದು, ಖಾತ ಮೂರು ಆಯಾಮದ್ದು. ಅಲ್ಲಿಗೆ ಅಳತೆ ನಿಲ್ಲುತ್ತದೆ. ಹೊಲ, ಬಾವಿ, ಕೆರೆಗಳನ್ನು ಅಳೆಯಬೇಕಾದ ಸಮಾಜಕ್ಕೆ ಅದಕ್ಕಿಂತ ಮುಂದೆ ಹೋಗುವ ಕೆಲಸವಿರಲಿಲ್ಲ.

ನೆರಳಿನ ದಾರಿಯನ್ನು ಮೊದಲು ನೋಡಬಹುದು. ಈ ಸೀಮೆಯಲ್ಲಿ ನೆರಳನ್ನು ಕಸುಬಾಗಿಸಿಕೊಂಡವರು ತೊಗಲುಗೊಂಬೆಯಾಟದವರು. ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು ಮೊದಲಾದ ಹೆಸರುಗಳಿಂದ ಕರೆಯಲ್ಪಡುವ ಈ ಸಮುದಾಯದ ಮನೆಮಾತು ಮರಾಠಿಯನ್ನು ಹೋಲುತ್ತದೆ. ಆಟದ ಮಾತು ಕನ್ನಡ. ಹೊಳೆಯಲ್ಲಿ ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ ತೊಗಲನ್ನು ಕತ್ತರಿಸಿ, ಬಣ್ಣ ಹಚ್ಚಿ, ಒಡವೆ-ವಸ್ತ್ರಗಳಿರುವಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ನಡುವೆ ಸೀಳಿದ ಬಿದಿರಿನ ಕಡ್ಡಿಯನ್ನು ಸೇರಿಸಿ ಗೊಂಬೆಯನ್ನು ಸಿದ್ಧಪಡಿಸುತ್ತಾರೆ. ಬಿಳಿಯ ಪರದೆ, ಹಿಂದೆ ದೀಪ, ನಡುವೆ ಗೊಂಬೆ. ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನು, ರಥ-ಕುದುರೆ-ಸಾರಥಿ-ವೀರರನ್ನು ಒಟ್ಟಾಗಿ ಬಿಡಿಸುವ ಪದ್ಧತಿ ಕರ್ನಾಟಕದ ಗೊಂಬೆಗಳ ವೈಶಿಷ್ಟ್ಯ.

ಮೂರು ಆಯಾಮದ ದೇಹವನ್ನು ಎರಡು ಆಯಾಮದ ತೊಗಲಿಗೆ ಇಳಿಸುವಾಗ ಏನನ್ನಾದರೂ ಕಳೆದುಕೊಳ್ಳಲೇಬೇಕು. ಏನನ್ನು ಕಳೆಯಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬ ನಿರ್ಣಯದಲ್ಲಿ ಗೊಂಬೆ ಬರೆಯುವವನ ವಿವೇಕವಿದೆ. ಪಕ್ಕದಿಂದ ಕಾಣುವ ಮುಖಕ್ಕೂ ಅಗಲವಾದ ಇಡೀ ಕಣ್ಣನ್ನು ಬರೆಯುತ್ತಾರೆ. ರಾವಣನ ಹತ್ತು ತಲೆಗಳು ತೊಗಲಿನಲ್ಲಿ ಸಾಲಾಗಿ ಅಕ್ಕಪಕ್ಕ ನಿಲ್ಲುತ್ತವೆ. ಅಂದರೆ ಆಳವು ಅಗಲವಾಗಿ ಮಾರ್ಪಡುತ್ತದೆ. ಐಹೊಳೆಯ ಶಿಲ್ಪಿ ನಾಲ್ಕನೆಯ ಮುಖವನ್ನು ಬಿಟ್ಟುಕೊಟ್ಟನು. ಗೊಂಬೆಯವನು ಹತ್ತನ್ನೂ ಬಿಡದೆ ಹರಡಿಬಿಟ್ಟನು. ಎರಡೂ ಪ್ರಾಮಾಣಿಕವಾದ ಪರಿಹಾರಗಳೇ.

ಇದಕ್ಕೆ ಗಣಿತದ ಸಂವಾದಿಯನ್ನು ನೋಡಬಹುದು. ಕಡ್ಡಿಗಳಿಂದ ಕಟ್ಟಿದ ಒಂದು ಘನದ ಚೌಕಟ್ಟನ್ನು ದೀಪಕ್ಕೆ ಹತ್ತಿರವಾಗಿ ಹಿಡಿದರೆ ಪರದೆಯ ಮೇಲೆ ದೊಡ್ಡ ಚೌಕದೊಳಗೆ ಸಣ್ಣ ಚೌಕವೊಂದು ಮೂಡಿ, ಅವುಗಳ ಮೂಲೆಗಳನ್ನು ನಾಲ್ಕು ಗೆರೆಗಳು ಸೇರಿಸುತ್ತವೆ. ದೀಪದ ಕಡೆಯ ಮುಖದ ನೆರಳು ದೊಡ್ಡದು, ಪರದೆಯ ಕಡೆಯದು ಸಣ್ಣದು. ನಿಜದಲ್ಲಿ ಎರಡೂ ಸಮ. ನಾಲ್ಕು ಆಯಾಮದ ಘನದ ನೆರಳು ಮೂರು ಆಯಾಮದಲ್ಲಿ ಬೀಳುತ್ತದೆ. ಅದು ದೊಡ್ಡ ಘನದೊಳಗಿನ ಸಣ್ಣ ಘನ, ಮೂಲೆಗೆ ಮೂಲೆ ಸೇರಿಸುವ ಎಂಟು ಕಡ್ಡಿಗಳು. ಒಳಗಿನದೊಂದು, ಹೊರಗಿನದೊಂದು, ನಡುವೆ ಓರೆಯಾದ ಆರು. ಹೀಗೆ ಕಾಣುವ ಎಂಟೂ ನಿಜದಲ್ಲಿ ಒಂದೇ ಅಳತೆಯ ಘನಗಳು. ಓರೆ ಇರುವುದು ನೆರಳಿನಲ್ಲಿ, ವಸ್ತುವಿನಲ್ಲಲ್ಲ. ಈ ಆಕೃತಿಗೆ ‘ಟೆಸರಾಕ್ಟ್’ ಎಂಬ ಹೆಸರನ್ನು 1888ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೊಟ್ಟವನು ಇಂಗ್ಲೆಂಡಿನ ಚಾರ್ಲ್ಸ್ ಹೋವರ್ಡ್ ಹಿಂಟನ್. ಬಣ್ಣ ಹಚ್ಚಿದ ಮರದ ಘನಗಳನ್ನು ಜೋಡಿಸುತ್ತ, ಕಳಚುತ್ತ, ನೆನಪಿನಲ್ಲಿ ಹೊರಳಿಸುತ್ತ ನಾಲ್ಕನೆಯ ಆಯಾಮವನ್ನು ಅಭ್ಯಾಸದಿಂದ ಕಾಣಬಹುದೆಂದು ಅವನು ನಂಬಿದ್ದನು.

ಆದರೆ ತೊಗಲುಗೊಂಬೆಯಾಟದಲ್ಲಿ ಗಣಿತದ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದದ್ದು ಚಿತ್ರವಲ್ಲ, ಹೊರಳಿಕೆ. ಎಡಕ್ಕೆ ಮುಖಮಾಡಿದ ಗೊಂಬೆಯನ್ನು ಬಲಕ್ಕೆ ತಿರುಗಿಸಬೇಕಾದ ಸಂದರ್ಭ ಆಟದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಗೊಂಬೆಯನ್ನು ಪರದೆಗೆ ಅಂಟಿಸಿಕೊಂಡೇ ಎಷ್ಟು ಸರಿಸಿದರೂ, ಗಾಲಿಯಂತೆ ಎಷ್ಟು ಸುತ್ತಿಸಿದರೂ ಈ ಕೆಲಸ ಆಗದು. ಮುಖ ಬಲಕ್ಕಾದರೆ ತಲೆ ಕೆಳಗಾಗುತ್ತದೆ. ಆಡಿಸುವವನು ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸುತ್ತಾನೆ. ಪರದೆಯ ಮೇಲಿನ ನೆರಳು ಕಿರಿದಾಗುತ್ತ ಬಂದು, ಒಂದು ಕ್ಷಣ ಬರಿಯ ಗೆರೆಯಾಗಿ, ಮತ್ತೆ ಅಗಲವಾಗುವಾಗ ಮುಖ ಇನ್ನೊಂದು ಕಡೆಗೆ ತಿರುಗಿರುತ್ತದೆ. ಪರದೆಯೊಳಗೇ ಬಾಳುವ ಜೀವಿಯೊಂದಿದ್ದರೆ ಅದಕ್ಕಿದು ಮಾಯೆ: ದೇಹ ಕರಗಿ ಗೆರೆಯಾಯಿತು, ಎಡ ಬಲವಾಗಿ ಮರಳಿ ಬಂತು. ಪರದೆಯ ಹಿಂದಿನವನಿಗೆ ಅದು ಮಣಿಕಟ್ಟಿನ ಒಂದು ತಿರುವು ಮಾತ್ರ.

ಇದೇ ಸಂಗತಿ ಒಂದು ಆಯಾಮ ಮೇಲೆ ಹೋದಾಗ ಏನಾಗುತ್ತದೆ ಎಂಬುದನ್ನು 1827ರಲ್ಲಿ ಆಗಸ್ಟ್ ಮೋಬಿಯಸ್ ಗುರುತಿಸಿದನು. ಎಡಗೈ ಮತ್ತು ಬಲಗೈ ಎಲ್ಲ ಅಳತೆಗಳಲ್ಲಿಯೂ ಸಮವಾಗಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗುವುದಿಲ್ಲ ಎಂಬ ಒಗಟನ್ನು 1768ರಲ್ಲಿಯೇ ಇಮ್ಯಾನುಯೆಲ್ ಕಾಂಟ್ ಚರ್ಚಿಸಿದ್ದನು. ನಾಲ್ಕನೆಯ ಆಯಾಮವೊಂದಿದ್ದರೆ ಎಡಗೈಯನ್ನು ಅದರ ಮೂಲಕ ಹೊರಳಿಸಿ ಬಲಗೈಯಾಗಿಸಬಹುದು ಎಂಬುದು ಮೋಬಿಯಸ್‌ನ ತಿಳಿವಳಿಕೆಯ ಸಾರ. ಅಂತಹ ಆಯಾಮವನ್ನು ಕಲ್ಪಿಸಿಕೊಳ್ಳಲಾಗದೆಂದು ಅವನೇ ಹೇಳಿ ಮುಂದೆ ಸಾಗಿದನು. ಎಚ್. ಜಿ. ವೆಲ್ಸ್ ಇದನ್ನೇ ವಸ್ತುವಾಗಿಟ್ಟುಕೊಂಡು 1896ರಲ್ಲಿ ಕಥೆ ಬರೆದನು; ಅದರ ನಾಯಕ ನಾಲ್ಕನೆಯ ಆಯಾಮಕ್ಕೆ ಹೋಗಿ ಮರಳಿದಾಗ ಅವನ ಹೃದಯ ಬಲಕ್ಕಿರುತ್ತದೆ. 1884ರಲ್ಲಿ ಎಡ್ವಿನ್ ಅಬಟ್ ಬರೆದ ‘ಫ್ಲಾಟ್‌ಲ್ಯಾಂಡ್’ ಎಂಬ ಸಮತಲ ಲೋಕದ ಕಥೆ ಇಂದಿಗೂ ಈ ವಿಷಯದ ಮೊದಲ ಪಾಠವೆನಿಸಿದೆ. ಗೊಂಬೆಯಾಟವನ್ನು ಪರದೆಯ ಎರಡೂ ಬದಿಯಿಂದ ನೋಡಿದ ಹುಡುಗನಿಗೆ ಅಬಟ್ ಹೇಳುವ ಅರ್ಧಕ್ಕರ್ಧ ಆಗಲೇ ಗೊತ್ತಿರುತ್ತದೆ ಎನ್ನುವುದು ಅತಿಶಯೋಕ್ತಿಯಲ್ಲ.

ಇಲ್ಲಿ ಜಾನಪದ ಅಧ್ಯಯನದ ಒಂದು ಲೋಪವನ್ನೂ ಹೇಳಬೇಕಾಗುತ್ತದೆ. ಎಂ. ಎಸ್. ನಂಜುಂಡರಾವ್ ಅವರ ದೀರ್ಘಕಾಲದ ಸಂಗ್ರಹಕಾರ್ಯದಿಂದ ಕರ್ನಾಟಕದ ತೊಗಲುಗೊಂಬೆಗಳು ಉಳಿದುಕೊಂಡು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನೋಡಲು ದೊರೆಯುತ್ತವೆ; ಆ ಉಪಕಾರ ದೊಡ್ಡದು. ಆದರೆ ಗಾಜಿನ ಚೌಕಟ್ಟಿನೊಳಗೆ ಸೇರಿದ ಗೊಂಬೆ ಚಿತ್ರವಾಗುತ್ತದೆ. ಅದು ಹೊರಳುವುದಿಲ್ಲ. ಸಂಶೋಧಕರು ಕಥಾವಸ್ತು, ಬಣ್ಣ, ಜಾತಿ, ಹಾಡುಗಳನ್ನು ದಾಖಲಿಸಿದಷ್ಟು ಶ್ರದ್ಧೆಯಿಂದ ಮಣಿಕಟ್ಟಿನ ತಿರುವನ್ನು, ದೀಪಕ್ಕೂ ಪರದೆಗೂ ಇರುವ ಅಂತರವನ್ನು, ಗೊಂಬೆಯನ್ನು ಪರದೆಯಿಂದ ಹಿಂದಕ್ಕೆಳೆದು ನೆರಳನ್ನು ಹಿಗ್ಗಿಸುವ, ಮಸುಕಾಗಿಸುವ ಕ್ರಮವನ್ನು ದಾಖಲಿಸಿಲ್ಲ. 2025ರಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಸಂದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ಕೈಯಲ್ಲಿ ಮಾತ್ರ ಉಳಿದಿರುವ ಇಂತಹ ತಿಳಿವು ಕೈಯೊಂದಿಗೇ ಹೋಗುವಂಥದು.

ನೆರಳಿನ ದಾರಿಗೊಂದು ತೊಡಕಿದೆ. ಒಂದೇ ನೆರಳು ಎರಡು ವಸ್ತುಗಳಿಗೆ ಸಲ್ಲಬಹುದು. ಬಾದಾಮಿಯ ಮೊದಲನೆಯ ಗುಹೆಯ ದ್ವಾರಪಾಲನ ಕೆಳಗೆ ಪ್ರಸಿದ್ಧವಾದ ವೃಷಭಕುಂಜರ ಶಿಲ್ಪವಿದೆ. ಆನೆ ಮತ್ತು ಬಸವ ಎರಡಕ್ಕೂ ಒಂದೇ ತಲೆ. ಒಂದು ಬದಿಯನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದು ಬದಿಯನ್ನು ಮುಚ್ಚಿದರೆ ಬಸವ. ಕಾಗದದ ಮೇಲೆ ಬರೆದ ಘನದ ಚೌಕಟ್ಟು ಕೂಡ ಹೀಗೆಯೇ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ನೋಡಿದಂತೆ ಮಗುಚಿಕೊಳ್ಳುತ್ತದೆ. ನಾಲ್ಕು ಆಯಾಮದ ಆಕೃತಿಯ ನೆರಳಿನಲ್ಲಿ ಈ ಸಂದಿಗ್ಧತೆ ಇನ್ನೂ ಹೆಚ್ಚು. ಬಸವನನ್ನೂ ಆನೆಯನ್ನೂ ಮೊದಲೇ ಬಲ್ಲವನಿಗೆ ಮಾತ್ರ ಆ ಶಿಲ್ಪ ಎರಡಾಗಿ ಕಾಣುತ್ತದೆ ಎಂಬುದನ್ನು ಮರೆಯುವಂತಿಲ್ಲ. ಗೊಂಬೆಯಾಟದ ನೆರಳಿನಿಂದ ರಾಮನನ್ನು ಕಟ್ಟಿಕೊಳ್ಳುವ ನೋಡುಗನಿಗೆ ಮನುಷ್ಯದೇಹದ ಪರಿಚಯ ಮೊದಲೇ ಇದೆ. ಟೆಸರಾಕ್ಟಿನ ದೇಹವನ್ನು ಯಾರೂ ಕಂಡಿಲ್ಲ. ಕುಶಲಕಲೆಯ ಅನುಭವಕ್ಕೂ ಗಣಿತದ ಪ್ರಶ್ನೆಗೂ ನಡುವಿನ ನಿಜವಾದ ಕಂದರ ಇದು.

ನೆರಳು ಸಾಲದಾದಾಗ ಸೀಳಿ ನೋಡುವುದು ಎರಡನೆಯ ದಾರಿ. ಪಟ್ಟದಕಲ್ಲಿನ ವಿಮಾನಗಳನ್ನು ಅಡ್ಡಲಾಗಿ ಪದರಪದರವಾಗಿ ಕತ್ತರಿಸಿದಂತೆ ಭಾವಿಸಬಹುದು. ಮಲ್ಲಿಕಾರ್ಜುನ ದೇವಾಲಯದಲ್ಲಿ ಕೆಳಗಿನಿಂದ ಮೇಲಕ್ಕೆ ಹೋದಂತೆ ಅಂಚು ಮುರಿದ ಚೌಕಗಳು ತಲದಿಂದ ತಲಕ್ಕೆ ಕುಗ್ಗುತ್ತ ಹೋಗಿ ಕೊನೆಗೆ ದುಂಡನೆಯ ಶಿಖರ ಬರುತ್ತದೆ. ಪಕ್ಕದ ವಿರೂಪಾಕ್ಷದಲ್ಲಿ ಶಿಖರವೂ ಚೌಕವೇ. ಈ ಪದರಗಳ ಸರಣಿಯನ್ನು ಮಾತ್ರ ಕೊಟ್ಟರೂ ಬಲ್ಲವನು ಇಡೀ ಗೋಪುರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ನಾಲ್ಕು ಆಯಾಮದ ಆಕೃತಿಯನ್ನು ಹೀಗೆ ಸೀಳಿದರೆ ದೊರೆಯುವ ಪ್ರತಿಯೊಂದು ಪದರವೂ ಕೈಯಲ್ಲಿ ಹಿಡಿಯಬಹುದಾದ ಗಟ್ಟಿ ಆಕೃತಿ. ಘನವೊಂದನ್ನು ಮೂಲೆಯಿಂದ ಓರೆಯಾಗಿ ಕತ್ತರಿಸುತ್ತ ಹೋದರೆ ಮೊದಲು ತ್ರಿಕೋನ, ನಟ್ಟನಡುವೆ ಷಟ್ಕೋನ, ಮತ್ತೆ ತ್ರಿಕೋನ. ಟೆಸರಾಕ್ಟನ್ನು ಮೂಲೆಯಿಂದ ಸೀಳಿದರೆ ಮೊದಲು ನಾಲ್ಕು ಮುಖಗಳ ಗಟ್ಟಿ, ಬಳಿಕ ತುದಿ ಕತ್ತರಿಸಿದ ಅದೇ ಆಕೃತಿ, ನಟ್ಟನಡುವೆ ಎಂಟು ಮುಖಗಳದು, ಆಮೇಲೆ ಅದೇ ಕ್ರಮ ಹಿಂದುಮುಂದಾಗಿ.

ಈ ಸೀಳಿಕೆಯ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವಳು ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದ ಗೃಹಿಣಿ, ಅಲಿಸಿಯಾ ಬೂಲ್ ಸ್ಟಾಟ್ (1860–1940). ತರ್ಕಶಾಸ್ತ್ರಜ್ಞ ಜಾರ್ಜ್ ಬೂಲನ ಮಗಳು; ತಾಯಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟನ ಸೋದರನ ಮಗಳು. ಹಿಂಟನ್ ಈಕೆಯ ಅಕ್ಕನ ಗಂಡ. ಅವನ ಮರದ ಘನಗಳೊಂದಿಗೆ ಆಡುತ್ತ ಬೆಳೆದ ಅಲಿಸಿಯಾ ನಾಲ್ಕು ಆಯಾಮದ ಆಕೃತಿಗಳ ಸೀಳುಗಳನ್ನು ರಟ್ಟಿನಲ್ಲಿ ಕತ್ತರಿಸಿ, ಮಡಚಿ, ಅಂಟಿಸಿ ಮಾದರಿಗಳನ್ನು ಮಾಡಿದಳು. ಶ್ಲಾಫ್ಲಿಯ ಆರು ಆಕೃತಿಗಳನ್ನು ಈಕೆ ಸ್ವತಂತ್ರವಾಗಿಯೇ ಕಂಡುಕೊಂಡಳು. ಡಚ್ ಗಣಿತಜ್ಞ ಸ್ಖೌಟೆಯೊಂದಿಗೆ ವರ್ಷಗಟ್ಟಲೆ ದುಡಿದ ಈಕೆಗೆ ಖ್ರೋನಿಂಗನ್ ವಿಶ್ವವಿದ್ಯಾಲಯ 1914ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ತಾಯಿ ಮೇರಿ ಬೂಲ್ ಮಕ್ಕಳಿಗೆ ರೇಖಾಗಣಿತ ಕಲಿಸಲು ರಟ್ಟಿನ ಮೇಲೆ ಸೂಜಿದಾರದಿಂದ ವಕ್ರರೇಖೆಗಳನ್ನು ಹೊಲಿಸುತ್ತಿದ್ದಳು ಎಂಬುದು ಕಸೂತಿಯ ನಾಡಿನವರಿಗೆ ಆಪ್ತವೆನಿಸುವ ಸಂಗತಿ. ಕಣ್ಣಿಗಿಂತ ಮೊದಲು ಕೈ ತಿಳಿಯಬಲ್ಲದು ಎಂಬುದಕ್ಕೆ ಗಣಿತದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಮೂರನೆಯದು ಎಣಿಕೆಯ ದಾರಿ. ಇಲ್ಲಿ ಕನ್ನಡ ಶಾಸ್ತ್ರಪರಂಪರೆ ಒದಗಿಸುವ ಸಲಕರಣೆ ಪ್ರಸ್ತಾರ. ಪಿಂಗಳನ ಛಂದಸ್ಸೂತ್ರದಿಂದ ಬಂದು, ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ‘ಛಂದೋಂಬುಧಿ’ಯಲ್ಲಿ ನೆಲೆಗೊಂಡ ಈ ಕ್ರಮವು ಲಘು-ಗುರುಗಳ ಎಲ್ಲ ಸಾಧ್ಯ ಜೋಡಣೆಗಳನ್ನೂ ಬಿಡದಂತೆ ಬರೆಯುವ ವಿಧಾನ. ಒಂದು ಅಕ್ಷರಕ್ಕೆ ಎರಡು ಜೋಡಣೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಆ ಎಂಟೇ ಯ, ಮ, ತ, ರ, ಜ, ಭ, ನ, ಸ ಎಂಬ ಅಕ್ಷರಗಣಗಳು. ಘನವೊಂದರ ಮೂಲೆಗಳೂ ಎಂಟೇ. ಪ್ರತಿಯೊಂದು ಮೂಲೆಗೂ ಒಂದು ಗಣವನ್ನಿಟ್ಟು, ಒಂದೇ ಒಂದು ಅಕ್ಷರದಲ್ಲಿ ವ್ಯತ್ಯಾಸವಿರುವ ಗಣಗಳ ನಡುವೆ ಗೆರೆ ಎಳೆದರೆ ದೊರೆಯುವುದು ಘನದ ಹನ್ನೆರಡು ಅಂಚುಗಳು. ಸರ್ವಲಘುವಾದ ನಗಣದಿಂದ ಭಗಣ, ಜಗಣ, ಸಗಣಗಳಿಗೆ ಮೂರು ಅಂಚು. ಎದುರು ಮೂಲೆಯ ಸರ್ವಗುರು ಮಗಣದಿಂದ ಯ, ರ, ತಗಳಿಗೆ ಮೂರು.

ಈಗ ನಾಲ್ಕನೆಯ ಅಕ್ಷರವೊಂದನ್ನು ಸೇರಿಸಬೇಕು. ಪ್ರಸ್ತಾರದಲ್ಲಿ ಹದಿನಾರು ಸಾಲುಗಳಾಗುತ್ತವೆ. ಟೆಸರಾಕ್ಟಿನ ಮೂಲೆಗಳೂ ಹದಿನಾರು. ಪ್ರತಿಯೊಂದು ಸಾಲಿಗೂ ಒಂದಕ್ಷರ ಮಾತ್ರ ಬೇರೆಯಾದ ನೆರೆಯ ಸಾಲುಗಳು ನಾಲ್ಕು. ಹದಿನಾರನ್ನು ನಾಲ್ಕರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 32 ಅಂಚುಗಳು. ಎರಡು ಅಕ್ಷರಗಳನ್ನು ಸ್ಥಿರವಾಗಿರಿಸಿ ಉಳಿದೆರಡನ್ನು ಬದಲಿಸುತ್ತ ಹೋದರೆ 24 ಚೌಕಗಳು. ಒಂದನ್ನು ಮಾತ್ರ ಸ್ಥಿರವಾಗಿರಿಸಿದರೆ ಎಂಟು ಘನಗಳು. ಅಂದರೆ ಮೊದಲಕ್ಷರ ಲಘುವಾಗಿರುವ ಎಂಟು ಸಾಲುಗಳದು ಒಂದು ಘನ, ಗುರುವಾಗಿರುವವುಗಳದು ಅದಕ್ಕೆದುರಿನ ಘನ. ಹೀಗೆ ಅಕ್ಷರಸ್ಥಾನಕ್ಕೆ ಎರಡರಂತೆ ಎಂಟು. ಕಣ್ಣಿಗೆ ಏನನ್ನೂ ಕಾಣದೆ ಆಕೃತಿಯ ಪೂರ್ಣ ಲೆಕ್ಕ ಕೈಗೆ ಸಿಕ್ಕಿತು. ಛಂದಸ್ಸು ಓದಿದ ಕನ್ನಡ ವಿದ್ಯಾರ್ಥಿ ಈ ಹದಿನಾರು ಸಾಲುಗಳನ್ನು ತಪ್ಪಿಲ್ಲದೆ ಬರೆಯಬಲ್ಲ. ತಾನು ನಾಲ್ಕು ಆಯಾಮದ ಆಕೃತಿಯೊಂದರ ಮೂಲೆಗಳನ್ನು ಬರೆಯುತ್ತಿದ್ದೇನೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ನಾಗವರ್ಮನಿಗೂ ಅದು ಹೊಳೆದಿರಲಿಲ್ಲ, ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಈ ಹೋಲಿಕೆ ಇಂದಿನ ಓದಿನದು. ಆದರೆ ಮೇಲೆ ಹೇಳಿದ ಕಂದರವನ್ನು ದಾಟಿಸುವುದು ಇದೇ: ದೇಹದ ಪರಿಚಯವಿಲ್ಲದಲ್ಲಿ ನಿಯಮದ ಪರಿಚಯ ಕೆಲಸ ಮಾಡುತ್ತದೆ. ನೆರಳಿನಲ್ಲಿ ಕಂಡ ಓರೆ ಪೆಟ್ಟಿಗೆಗಳು ನಿಜಕ್ಕೂ ಎಂಟು ಸಮಘನಗಳೇ ಎಂಬ ಭರವಸೆ ಬರುವುದು ಎಣಿಕೆಯಿಂದ.

ಇಷ್ಟರವರೆಗೆ ಕುಶಲಕಲೆಗಳು ಸಹಾಯಕ್ಕೆ ಬಂದವು. ನಾಲ್ಕನೆಯ ದಾರಿಯಲ್ಲಿ ಅವು ಇನ್ನೊಂದು ರೀತಿಯಲ್ಲಿ ಕಲಿಸುತ್ತವೆ, ಸೋಲುವುದರ ಮೂಲಕ. ಇಳಕಲ್ಲ ಸೀರೆಯ ವೈಶಿಷ್ಟ್ಯವಿರುವುದು ಜೋಡಣೆಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕುಣಿಕೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಈ ಕಾರಣದಿಂದಲೇ ಪ್ರತಿಯೊಂದು ಸೀರೆಗೂ ಆರು, ಎಂಟು ಅಥವಾ ಒಂಬತ್ತು ಗಜದ ಹಾಸನ್ನು ಪ್ರತ್ಯೇಕವಾಗಿ ಹೂಡಬೇಕಾಗುತ್ತದೆ. ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು ಪಟ್ಟಿಗಳಿರುವ ‘ಟೋಪ್ ತೆನಿ’ ಸೆರಗು ಹೀಗೆ ಸಿದ್ಧವಾಗುತ್ತದೆ. ಹೊಕ್ಕಿನಲ್ಲಿ ಒಡಲಿಗೊಂದು, ದಡಿಗಳಿಗೆರಡು, ಹೀಗೆ ಮೂರು ಲಾಳಿಗಳನ್ನು ಬಳಸಿ ಬಣ್ಣಬಣ್ಣದ ಎಳೆಗಳನ್ನು ಸಂಧಿಯಲ್ಲಿ ಒಂದಕ್ಕೊಂದು ಸಿಕ್ಕಿಸುವುದಕ್ಕೆ ‘ಕೊಂಡಿ’ ಎಂದು ಹೆಸರು. ಇಡೀ ಸೀರೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಒಂದರೊಳಗೊಂದು ಸಿಕ್ಕಿಸಿದ ಎರಡು ಕುಣಿಕೆಗಳು ಹರಿಯದೆ ಬಿಡುವುದಿಲ್ಲ.

ನಾಲ್ಕು ಆಯಾಮದ ದೇಶದಲ್ಲಿ ಈ ನಂಬಿಕೆ ಸುಳ್ಳಾಗುತ್ತದೆ. ನೆಲದ ಮೇಲೆ ವೃತ್ತವೊಂದನ್ನು ಎಳೆದು ಅದರೊಳಗೆ ಕಾಳೊಂದನ್ನಿಟ್ಟರೆ ನೆಲದ ಮೇಲೆಯೇ ಸರಿದು ಕಾಳು ಹೊರಬರಲಾರದು, ಎತ್ತಿದರೆ ಬರುತ್ತದೆ. ಅಂತೆಯೇ ಎರಡು ಎಳೆಗಳು ಒಂದನ್ನೊಂದು ತಡೆಯುವಲ್ಲಿ ಒಂದರ ಸಣ್ಣ ಭಾಗವನ್ನು ನಾಲ್ಕನೆಯ ದಿಕ್ಕಿಗೆ ತುಸು ಸರಿಸಿ, ಇನ್ನೊಂದನ್ನು ದಾಟಿಸಿ, ಮರಳಿ ತರಬಹುದು. ಎಳೆ ಹರಿಯುವುದಿಲ್ಲ, ಕುಣಿಕೆ ಮಾತ್ರ ಬಿಟ್ಟುಕೊಳ್ಳುತ್ತದೆ. ಎಷ್ಟೇ ಬಿಗಿಯಾದ ಗಂಟಾದರೂ ಅಲ್ಲಿ ನಿಲ್ಲದು. ಹಾಸುಹೊಕ್ಕು ಎಂಬ ಮಾತಿಗೇ ಅಲ್ಲಿ ಅರ್ಥವಿಲ್ಲ, ಏಕೆಂದರೆ ಎಳೆಯ ಮೇಲೆ-ಕೆಳಗೆ ಹಾಯುವ ಎಳೆಗೆ ಅಲ್ಲಿ ಪಕ್ಕಕ್ಕೆ ಸರಿಯಲು ಇನ್ನೊಂದು ಹಾದಿಯಿದೆ. ಇಳಕಲ್ಲಿನ ಮಗ್ಗವನ್ನು ಅಲ್ಲಿಗೊಯ್ದರೆ ಸೀರೆ ಎಳೆಎಳೆಯಾಗಿ ಬಿಚ್ಚಿಕೊಂಡೀತು. ನೇಕಾರನ ಕೈಗೆ ಗೊತ್ತಿರುವ ಬಿಗಿತವು ನೂಲಿನ ಗುಣ ಮಾತ್ರವಲ್ಲ, ದೇಶಕ್ಕೆ ಮೂರೇ ಆಯಾಮಗಳಿರುವುದರ ಗುಣವೂ ಹೌದು ಎಂಬುದು ಹೀಗೆ ಹೊರಬೀಳುತ್ತದೆ.

ಗಂಟು ಬಿಚ್ಚುತ್ತದೆ ಎಂಬ ಈ ಗಣಿತ ಸತ್ಯವು ಒಂದು ದೊಡ್ಡ ಮೋಸಕ್ಕೂ ಎಡೆಮಾಡಿತು. ಫೆಲಿಕ್ಸ್ ಕ್ಲೈನ್‌ನಿಂದ ಈ ಸಂಗತಿಯನ್ನು ತಿಳಿದಿದ್ದ ಲೈಪ್‌ಜಿಗ್‌ನ ಖಗೋಳವಿಜ್ಞಾನಿ ಯೋಹಾನ್ ತ್ಸೋಲ್ನರ್, ನಾಲ್ಕನೆಯ ಆಯಾಮದಲ್ಲಿ ವಾಸಿಸುವ ಆತ್ಮಗಳಿದ್ದರೆ ಅವು ಎರಡೂ ತುದಿಗೆ ಮುದ್ರೆಯೊತ್ತಿದ ದಾರದಲ್ಲಿ ಗಂಟು ಹಾಕಬಲ್ಲವೆಂದು ತರ್ಕಿಸಿದನು. 1877ರ ಡಿಸೆಂಬರಿನಲ್ಲಿ ಅಮೆರಿಕದ ಆತ್ಮವಾದಿ ಮಾಧ್ಯಮ ಹೆನ್ರಿ ಸ್ಲೇಡ್‌ನೊಂದಿಗೆ ಪ್ರಯೋಗ ನಡೆಯಿತು. ದಾರದಲ್ಲಿ ಗಂಟುಗಳು ಕಂಡವು. ತ್ಸೋಲ್ನರ್ ನಂಬಿದನು. ಸ್ಲೇಡ್ ಅದಕ್ಕೆ ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ವಂಚನೆಯ ಆರೋಪದ ಮೇಲೆ ಶಿಕ್ಷೆಗೆ ಗುರಿಯಾಗಿ, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಪಾರಾಗಿದ್ದವನು. ಗಣಿತದ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ‘ಆಗಬಹುದು’ ಎಂಬುದರಿಂದ ‘ಆಗಿದೆ’ ಎಂಬುದಕ್ಕೆ ಹಾರಿದಲ್ಲಿ. ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆನ್ನುವವರು ಹಾರುವುದೂ ಇದೇ ಜಾಗದಲ್ಲಿ.

ನಾಲ್ಕು ಆಯಾಮದಲ್ಲಿ ಗಂಟು ಎಂಬುದೇ ಇಲ್ಲವೆ? ಇದೆ, ಆದರೆ ಎಳೆಯ ಗಂಟಲ್ಲ. 1925ರಲ್ಲಿ ಎಮಿಲ್ ಆರ್ಟಿನ್ ತೋರಿಸಿದಂತೆ ಅಲ್ಲಿ ಗಂಟಾಗುವುದು ಮೇಲ್ಮೈ. ಎಳೆಯನ್ನು ಎಳೆ ಹಿಡಿಯಲಾರದ ಆ ದೇಶದಲ್ಲಿ ಕುಣಿಕೆಯೊಂದನ್ನು ಬಿಡದಂತೆ ಕೊಂಡಿ ಹಾಕಲು ಚೆಂಡಿನ ಹೊದಿಕೆಯಂತೆ ಮುಚ್ಚಿಕೊಂಡ ಮೇಲ್ಮೈ ಬೇಕಾಗುತ್ತದೆ. ನೇಕಾರರ ಮಾತಿನಲ್ಲಿ ಹೇಳುವುದಾದರೆ, ನೂಲಿಗೆ ನೂಲನ್ನಲ್ಲ, ಬಟ್ಟೆಯನ್ನೇ ಕೊಂಡಿ ಹಾಕಬೇಕು. ಇದನ್ನು ಕಣ್ಣಿಗೆ ಕಟ್ಟಿಕೊಳ್ಳುವುದು ನೆರಳಿಗಿಂತಲೂ ಸೀಳಿಗಿಂತಲೂ ಕಷ್ಟ. ಕುಶಲಕಲೆಯಲ್ಲಿ ಇದಕ್ಕೆ ಹೋಲಿಕೆ ದೊರೆಯುವುದಿಲ್ಲ, ದೊರೆಯಿತೆಂದು ಹೇಳಬೇಕಾಗಿಯೂ ಇಲ್ಲ.

ಆದರೂ ಎಳೆಗೂ ಬಟ್ಟೆಗೂ ಇರುವ ಸಂಬಂಧವನ್ನು ಆಯಾಮದ ದೃಷ್ಟಿಯಿಂದ ಸೂಕ್ಷ್ಮವಾಗಿ ತೋರಿಸುವ ಕೆಲಸವೊಂದು ಇದೇ ಸೀರೆಯ ಮೇಲೆ ನಡೆಯುತ್ತದೆ. ಇಳಕಲ್ಲ ಸೀರೆಗೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣಬೇಕು. ಗವಂತಿಯಲ್ಲಿ ದಾರ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ನಡೆದು, ಬಂದ ದಾರಿಯಲ್ಲಿಯೇ ಮರಳುವಾಗ ಬಿಟ್ಟ ಸ್ಥಳಗಳನ್ನೆಲ್ಲ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲ್ಮೈಯನ್ನೇ ಲೋಕವೆಂದು ತಿಳಿದವನಿಗೆ ಹೋಗುವಾಗ ಕಾಣುವುದು ಬಿಡಿಬಿಡಿ ಗೀಟುಗಳು ಮಾತ್ರ. ಒಂದು ಮುಗಿದಲ್ಲಿ ಏನೂ ಇಲ್ಲ, ಮತ್ತೆಲ್ಲೋ ಇನ್ನೊಂದು ಆರಂಭ. ದಾರ ಎಲ್ಲಿಯೂ ಕಡಿದಿಲ್ಲವೆಂಬುದು ಹೊಲಿಯುವವಳಿಗೆ ಮಾತ್ರ ಗೊತ್ತು. ತೇರು, ಗೋಪುರ, ತುಳಸಿಕಟ್ಟೆ, ಆನೆ ಯಾವುದೇ ಇರಲಿ, ಕಸೂತಿಯನ್ನು ಬಲ್ಲ ಹಿರಿಯ ಹೆಣ್ಣುಮಕ್ಕಳು ಕೆಲಸದ ಗುಣವನ್ನು ಪರೀಕ್ಷಿಸುವಾಗ ಮುಂಬದಿಯ ಚಿತ್ರವನ್ನು ಹೆಚ್ಚು ಹೊತ್ತು ನೋಡುವುದಿಲ್ಲ. ಸೆರಗನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ.